ತಿದ್ದಿದ್ದಾಯಿತು, ತಿಳಿಸಿದ್ದು ಯಾರಿಗೆ?

ಕನ್ನಡ ವಿಕಿಪೀಡಿಯದ ಯಾವುದಾದರೊಂದು ಚಿಕ್ಕ ಲೇಖನದ ಇತಿಹಾಸ ಪುಟ, ಅಂದರೆ ಯಾರು ಯಾವಾಗ ಏನು ತಿದ್ದಿದರೆಂಬ ಪಟ್ಟಿ, ತೆರೆದು ಕೆಳಗಿನಿಂದ ಮೇಲಕ್ಕೆ ಓದುತ್ತ ಬನ್ನಿ. ತಳದಲ್ಲಿ ಕೆಂಪು ಬಣ್ಣದ ಒಂದು ಸದಸ್ಯನಾಮ ಇರುತ್ತದೆ. ಕೆಂಪು ಎಂದರೆ ಅವರು ತಮ್ಮ ಸದಸ್ಯ ಪುಟವನ್ನು ಇನ್ನೂ ಬರೆದುಕೊಂಡಿಲ್ಲ, ಬಹುಮಟ್ಟಿಗೆ ಹೊಸಬರು ಎಂದರ್ಥ. ಅರ್ಧ ಗಂಟೆಯೊಳಗೆ ಅವರದು ನಾಲ್ಕೈದು ಸಂಪಾದನೆ. ಅದರ ಮೇಲೆ ಹಳಬರೊಬ್ಬರ ಹೆಸರು, ಪಕ್ಕದಲ್ಲಿ ಎಷ್ಟು ಪಠ್ಯ ತೆಗೆದರೆಂದು ಹೇಳುವ ಮೈನಸ್ ಚಿಹ್ನೆಯ ಬೈಟ್ ಲೆಕ್ಕ, ಯಾಕೆ ತೆಗೆದರೆನ್ನಲು ‘ಉಲ್ಲೇಖವಿಲ್ಲ’ ಎಂಬ ಒಂದೇ ಪದದ ಸಾರಾಂಶ. ಅದರ ಮೇಲೆ ಒಂದೆರಡು ಬಾಟ್‌ಗಳು, ಅಂದರೆ ತಾನಾಗಿ ತಿದ್ದುವ ತಂತ್ರಾಂಶಗಳು. ಆ ಕೆಂಪು ಹೆಸರಿನವರ ಕಾಣಿಕೆಗಳ ಪಟ್ಟಿ ತೆರೆದರೆ ಅದು ಅದೇ ದಿನಕ್ಕೆ ನಿಂತುಹೋಗಿರುತ್ತದೆ.

ಹಳಬರು ಮಾಡಿದ್ದು ತಪ್ಪಲ್ಲ. ಉಲ್ಲೇಖ ಇರಲಿಲ್ಲ, ನಿಯಮ ಹಾಗೇ ಇದೆ, ತೆಗೆದರು. ಲೇಖನ ಉಳಿಯಿತು, ಬರೆದವರು ಹೋದರು. ಕಾಡುವುದು ಇದೇ. ತಿದ್ದುವುದು ಒಂದು ಕೆಲಸ, ತಿದ್ದಿದ್ದನ್ನು ಬರೆದವರಿಗೆ ಮುಟ್ಟಿಸುವುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಕಲಿತಿದ್ದಾರೆ. ಎರಡನೆಯದನ್ನು ಬಹಳ ಜನ ಕೆಲಸವೆಂದೇ ಎಣಿಸಿಲ್ಲ.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ಶಿಖರ ಮುಟ್ಟಿ ಆಮೇಲೆ ಇಳಿಯತೊಡಗಿತು. ಯಾಕೆ ಎಂದು ಹುಡುಕಿದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದನ್ನೇ: ಕಿಡಿಗೇಡಿತನ ತಡೆಯಲು ಮಾಡಿಕೊಂಡ ಸಲಕರಣೆಗಳು ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರ ಸಂಪಾದನೆಗಳನ್ನೂ ಅದೇ ವೇಗದಲ್ಲಿ ತಳ್ಳಿಹಾಕುತ್ತಿದ್ದವು, ತಳ್ಳಿಸಿಕೊಂಡವರು ಮರಳಿ ಬರುತ್ತಿರಲಿಲ್ಲ. ಇಂಗ್ಲಿಷಿಗೆ ಇದು ನಷ್ಟ. 2003ರಲ್ಲಿ ಹುಟ್ಟಿ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಕೈಬೆರಳೆಣಿಕೆಯ ನಿತ್ಯದ ಕೈಗಳಿಂದ ಸಾಕುತ್ತಿರುವ ಕನ್ನಡ ವಿಕಿಪೀಡಿಯಕ್ಕೆ ಇದು ಬಿತ್ತನೆ ಬೀಜವನ್ನೇ ತಿಂದ ಹಾಗೆ. ಇಲ್ಲಿ ಒಬ್ಬರು ಒರಟಾಗಿ ಬರೆದರೆ ‘ಆ ಒಬ್ಬರು ಒರಟು’ ಎಂದು ಹೊಸಬರಿಗೆ ಅನಿಸುವುದಿಲ್ಲ. ಮಾತಾಡಿಸಿದ್ದು ಅವರೊಬ್ಬರೇ ಆದ್ದರಿಂದ ಇಡೀ ವಿಕಿಪೀಡಿಯವೇ ಒರಟು ಅನಿಸುತ್ತದೆ.

ಒಂದು ಕೆರೆ, ನಾಲ್ಕು ಸಾಲು

ಹಲವು ಇತಿಹಾಸ ಪುಟಗಳಲ್ಲಿ ಕಂಡದ್ದನ್ನು ಒಂದುಗೂಡಿಸಿ, ಊರು ಹೆಸರುಗಳನ್ನು ಬಿಟ್ಟು, ಒಂದು ಮಾದರಿಯನ್ನು ಹತ್ತಿರದಿಂದ ನೋಡೋಣ. ಹೊಸ ಸದಸ್ಯರೊಬ್ಬರು ತಮ್ಮೂರ ಕೆರೆಯ ಬಗ್ಗೆ ಬರೆಯುತ್ತಾರೆ: ‘ನಮ್ಮೂರ ದೊಡ್ಡಕೆರೆ ಬಹಳ ಪ್ರಾಚೀನವಾದುದು. ಇದನ್ನು ಹೊಯ್ಸಳರ ಕಾಲದಲ್ಲಿ ಕಟ್ಟಿಸಿದರೆಂದು ಹಿರಿಯರು ಹೇಳುತ್ತಾರೆ. ತೂಬಿನ ಹತ್ತಿರದ ಕಲ್ಲಿನ ಮೇಲೆ ಹಳೆಯ ಬರಹ ಇದೆ. ಕೋಡಿ ಬಿದ್ದಾಗ ನೋಡಲು ಎರಡು ಕಣ್ಣು ಸಾಲದು.’ ರಾತ್ರಿ 9.14ಕ್ಕೆ ಉಳಿಸುತ್ತಾರೆ. 9.17ಕ್ಕೆ ‘ಇತ್ತೀಚೆಗಿನ ಬದಲಾವಣೆಗಳು’ ನೋಡುತ್ತಿದ್ದವರೊಬ್ಬರು ಲೇಖನದ ನೆತ್ತಿಗೆ ಮೂರು ಟೆಂಪ್ಲೇಟು (ಸಿದ್ಧ ಸೂಚನೆಯ ಪೆಟ್ಟಿಗೆ) ಹಾಕುತ್ತಾರೆ: ಉಲ್ಲೇಖವಿಲ್ಲ, ವಿಶ್ವಕೋಶದ ಶೈಲಿಯಲ್ಲಿಲ್ಲ, ಅಳಿಸಬಹುದು. 9.26ಕ್ಕೆ ಹೊಸಬರು ಐದನೆಯ ಸಾಲು ಬರೆದು ಉಳಿಸಲು ಒತ್ತಿದಾಗ, ನಡುವೆ ಇನ್ನೊಬ್ಬರು ತಿದ್ದಿದ್ದರಿಂದ, ಸಂಪಾದನಾ ಸಂಘರ್ಷದ ಪರದೆ ಏಳುತ್ತದೆ. ಎರಡು ಪಠ್ಯಗಳು, ಯಾವುದು ತಮ್ಮದು ಯಾವುದು ಇನ್ನೊಬ್ಬರದು ತಿಳಿಯದು. ಹಿಂದಕ್ಕೆ ಒತ್ತುತ್ತಾರೆ. ಬರೆದದ್ದು ಹೋಗುತ್ತದೆ. ಲೇಖನಕ್ಕೆ ಮರಳಿದರೆ ತಲೆಯ ಮೇಲೆ ಮೂರು ಬಣ್ಣದ ಪೆಟ್ಟಿಗೆ.

ಇಲ್ಲಿ ಮೂರು ಕಡೆ ಎಡವಟ್ಟಾಗಿದೆ. ಮೊದಲನೆಯದು ಸಮಯ. ಮೂರು ನಿಮಿಷ ಎಂದರೆ ಬರೆಯುವವರು ಇನ್ನೂ ಕುರ್ಚಿಯಲ್ಲೇ ಇದ್ದಾರೆ. ಬೈಗುಳವೋ ಕೃತಿಚೌರ್ಯವೋ ಆಗಿದ್ದರೆ ಕೂಡಲೇ ಕೈಹಾಕಬೇಕು, ಅದರಲ್ಲಿ ಎರಡು ಮಾತಿಲ್ಲ. ಉಳಿದದ್ದಕ್ಕೆ ಕೊನೆಯ ಸಂಪಾದನೆಯಾಗಿ ಒಂದೆರಡು ಗಂಟೆ, ಸಾಧ್ಯವಾದರೆ ಒಂದು ರಾತ್ರಿ, ಬಿಡಬೇಕು. ಮರೆತುಹೋಗುತ್ತದೆ ಅನ್ನುವವರು ಪುಟವನ್ನು ವೀಕ್ಷಣಾಪಟ್ಟಿಗೆ (ಬದಲಾವಣೆಗಳನ್ನು ಗಮನಿಸಲು ಆರಿಸಿಕೊಂಡ ಪುಟಗಳ ಪಟ್ಟಿ) ಹಾಕಿಕೊಂಡರೆ ಆಯಿತು. ಎರಡನೆಯದು ಜಾಗ. ಲೇಖನದ ನೆತ್ತಿಯ ಟೆಂಪ್ಲೇಟು ಓದುಗರಿಗೆ ಎಚ್ಚರಿಕೆ, ಬರೆದವರಿಗೆ ಪಾಠವಲ್ಲ. ಬರೆದವರಿಗೆ ಹೇಳಬೇಕಾದ್ದನ್ನು ಅವರ ಸದಸ್ಯರ ಚರ್ಚೆಪುಟದಲ್ಲಿ ಬರೆಯಬೇಕು. ಅಲ್ಲಿ ಬರೆದರೆ ಅವರ ಪರದೆಯಲ್ಲಿ ಗಂಟೆಯ ಚಿಹ್ನೆಯ ಮೇಲೆ ಅಂಕಿ ಮೂಡುತ್ತದೆ. ಲೇಖನದ ಚರ್ಚೆಪುಟದಲ್ಲಿ ಬರೆದು ಅವರ ಹೆಸರನ್ನು ಕೊಂಡಿ ಮಾಡಿದರೂ ಸೂಚನೆ ಹೋಗುತ್ತದೆ, ಆದರೆ ಒಂದು ಷರತ್ತಿದೆ: ಹೆಸರಿನ ಕೊಂಡಿಯೂ ನಿಮ್ಮ ಸಹಿಯೂ ಒಂದೇ ಸಂಪಾದನೆಯಲ್ಲಿ ಉಳಿಸಿರಬೇಕು. ಸಹಿ ಮರೆತು, ಆಮೇಲೆ ಸಹಿ ಮೂಡಿಸುವ ನಾಲ್ಕು ಟಿಲ್ಡೆ (~~~~) ಮಾತ್ರ ಸೇರಿಸಿದರೆ ಸೂಚನೆ ಹೋಗುವುದಿಲ್ಲ. ಎಷ್ಟೋ ಒಳ್ಳೆಯ ಮಾತುಗಳು ಈ ಒಂದು ಕಾರಣಕ್ಕೆ ಯಾರಿಗೂ ಮುಟ್ಟದೆ ಚರ್ಚೆಪುಟಗಳಲ್ಲಿ ಕೂತಿವೆ. ‘ಪ್ರತ್ಯುತ್ತರ’ ಗುಂಡಿ ಒತ್ತಿ ಬರೆದರೆ ಸಹಿ ತಾನಾಗಿ ಬೀಳುತ್ತದೆ, ಈ ತೊಂದರೆ ಇರುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಟೆಂಪ್ಲೇಟು ಹಾಕಿದವರು ನಾಲ್ಕು ಸಾಲನ್ನೂ ಓದಿರಲಿಲ್ಲ. ಓದಿದ್ದರೆ ಮೂರನೆಯ ಸಾಲಿನಲ್ಲಿ ನಿಲ್ಲಬೇಕಿತ್ತು. ತೂಬಿನ ಹತ್ತಿರ ಬರಹ ಇರುವ ಕಲ್ಲು! ಅದು ಕೆರೆ ಕಟ್ಟಿಸಿದ ಅಥವಾ ದುರಸ್ತಿ ಮಾಡಿಸಿದ ಶಾಸನವಾಗಿರಬಹುದು. ಕನ್ನಡ ನಾಡಿನ ಶಾಸನಗಳನ್ನು ಬಿ. ಎಲ್. ರೈಸ್ 1886ರಿಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಪ್ರಕಟಿಸುತ್ತ ಬಂದರು. ಅಲ್ಲಿ ಶಾಸನಗಳು ತಾಲ್ಲೂಕುವಾರು, ಸಂಖ್ಯೆಯ ಸಮೇತ ಜೋಡಣೆಯಾಗಿವೆ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಿಂದ ಪರಿಷ್ಕೃತ ಸಂಪುಟಗಳೂ ಬಂದವು. ತಾಲ್ಲೂಕಿನ ಹೆಸರು ಗೊತ್ತಿದ್ದರೆ ಊರಿನ ಹೆಸರು ಹುಡುಕಲು ಅರ್ಧ ಗಂಟೆ ಸಾಕು. ಸಿಕ್ಕಿದರೆ ‘ಹಿರಿಯರು ಹೇಳುತ್ತಾರೆ’ ಹೋಗಿ ಅದರ ಜಾಗಕ್ಕೆ ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ ಬರುತ್ತದೆ. ಹೊಯ್ಸಳರ ಕಾಲವೋ ವಿಜಯನಗರದ ಕಾಲವೋ ಅದೂ ತೀರ್ಮಾನವಾಗುತ್ತದೆ. ಅಳಿಸಬೇಕಾಗಿದ್ದ ಲೇಖನ, ಆ ಕೆರೆಯ ಬಗ್ಗೆ ಅಂತರ್ಜಾಲದಲ್ಲಿ ಸಿಗುವ ಅತ್ಯುತ್ತಮ ಲೇಖನ ಆಗಬಹುದು.

ಹಾಗಾದರೆ ಆ ಹೊಸಬರಿಗೆ ಬರೆಯಬೇಕಾದದ್ದು ಹೀಗೆ: ‘ನಮಸ್ಕಾರ. ನಿಮ್ಮೂರ ಕೆರೆಯ ಲೇಖನ ಓದಿದೆ. ತೂಬಿನ ಹತ್ತಿರದ ಬರಹದ ಕಲ್ಲಿನ ವಿಷಯ ತುಂಬ ಮುಖ್ಯ. ಆ ಕಲ್ಲಿನ ಒಂದು ಫೋಟೊ ತೆಗೆದು ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಚಿತ್ರಗಳ ತಾಣಕ್ಕೆ ಹಾಕಲು ಆಗುತ್ತದೆಯೇ? ಊರು ಯಾವ ತಾಲ್ಲೂಕಿಗೆ ಸೇರುತ್ತದೆ ಎಂದು ತಿಳಿಸಿದರೆ ಶಾಸನ ಸಂಪುಟದಲ್ಲಿ ಹುಡುಕಲು ನಾನೂ ಕೈಜೋಡಿಸುತ್ತೇನೆ. ಹಿರಿಯರು ಹೇಳಿದ್ದನ್ನು ಮುದ್ರಿತ ಆಧಾರ ಸಿಗುವವರೆಗೆ ಲೇಖನದಿಂದ ಚರ್ಚೆಪುಟಕ್ಕೆ ಸರಿಸಿದ್ದೇನೆ, ಅಳಿಸಿಲ್ಲ.’ ಇದರಲ್ಲಿ ನಿಯಮ ಎಲ್ಲೂ ಸಡಿಲವಾಗಿಲ್ಲ. ಆಧಾರವಿಲ್ಲದ ಸಾಲು ಲೇಖನದಲ್ಲಿ ಉಳಿದಿಲ್ಲ. ಆದರೆ ಓದಿದ್ದಾರೆ ಎನ್ನುವುದಕ್ಕೆ ಗುರುತಿದೆ, ಮುಂದೆ ಮಾಡಲು ಒಂದು ಕೆಲಸ ಇದೆ, ಆ ಕೆಲಸ ಬರೆದವರ ಕೈಯಲ್ಲಿ ಮಾತ್ರ ಆಗುವಂಥದ್ದು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೂತ ಹಳಬರು ಆ ತೂಬಿನ ಹತ್ತಿರ ಹೋಗಲಾರರು. (ಕಲ್ಲನ್ನು ತಾವೇ ಓದಿ ಅರ್ಥ ಬರೆಯತೊಡಗಿದರೆ ಅದು ಸ್ವಂತ ಸಂಶೋಧನೆ ಆಗುತ್ತದೆ, ವಿಕಿಪೀಡಿಯದಲ್ಲಿ ನಿಲ್ಲದು. ಆದರೆ ಅದನ್ನು ಮೊದಲ ಪತ್ರದಲ್ಲೇ ಹೇಳಬೇಕಿಲ್ಲ.)

‘ಹಾಕಬೇಡಿ’ ಎಂಬ ಪದದ ತೂಕ

ಕನ್ನಡದಲ್ಲಿ ಬಾಯಿಮಾತಿಗೂ ಬರಹಕ್ಕೂ ನಡುವೆ ಇರುವ ದೂರ ಇಲ್ಲಿ ಬಹಳ ಕೆಲಸ ಮಾಡುತ್ತದೆ. ಎದುರಿಗೆ ಕೂತು ‘ಇದನ್ನ ಹಾಕ್ಬೇಡಿ ಸರ್’ ಅಂದರೆ ಅದರಲ್ಲಿ ಸಲಿಗೆ ಇದೆ, ದನಿಯಲ್ಲಿ ನಗು ಇರಬಹುದು. ಅದೇ ಮಾತು ‘ಇಂತಹ ಮಾಹಿತಿಯನ್ನು ಹಾಕಬೇಡಿ’ ಎಂದು ಬರಹಕ್ಕೆ ಇಳಿದರೆ ಶಾಲೆಯ ಗೋಡೆಯ ಸೂಚನೆಯಾಗುತ್ತದೆ. ‘ಹಾಕತಕ್ಕದ್ದಲ್ಲ’ ಎಂದರೆ ತಾಲ್ಲೂಕು ಕಚೇರಿಯ ಆದೇಶ. ‘ಅಳಿಸಲಾಗುವುದು’ ಎಂಬಲ್ಲಿ ಅಳಿಸುವವರು ಯಾರೆಂದೇ ಇಲ್ಲ, ಹಾಗಾಗಿ ಯಾರೊಂದಿಗೂ ಮಾತಾಡಲು ದಾರಿ ಇಲ್ಲ. ನಿರ್ವಾಹಕರು ಬಳಸುವ ಸಿದ್ಧ ಸಂದೇಶಗಳಲ್ಲಿ ಈ ‘ಲಾಗುವುದು’ ತುಂಬಿಕೊಂಡಿರುತ್ತದೆ, ಯಾಕೆಂದರೆ ಅವು ಇಂಗ್ಲಿಷ್ ಟೆಂಪ್ಲೇಟುಗಳ ಅನುವಾದ. ಇಂಗ್ಲಿಷಿನಲ್ಲಿ ಮೃದುವಾಗಿದ್ದದ್ದು ಕನ್ನಡಕ್ಕೆ ಬರುವಾಗ ಸರ್ಕಾರಿ ಆಗಿದೆ. ಸಮುದಾಯ ಕೂತು ಈ ಸಂದೇಶಗಳನ್ನು ಒಂದೊಂದಾಗಿ ಮತ್ತೆ ಬರೆಯುವುದು ನೂರು ಹೊಸ ಚುಟುಕು ಲೇಖನ ಬರೆಯುವುದಕ್ಕಿಂತ ದೊಡ್ಡ ಕೆಲಸವೆಂದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆಗಳೂ ಹಾಗೆಯೇ. ‘ಇದನ್ನು ಯಾಕೆ ಹಾಕಿದ್ದೀರಿ?’ ಎಂದರೆ ತಕರಾರು. ‘ಇದು ಯಾವ ಪುಸ್ತಕದಲ್ಲಿ ಸಿಕ್ಕಿತು?’ ಎಂದರೆ ಕುತೂಹಲ. ಎರಡೂ ಕೇಳುವುದು ಒಂದೇ ಆಧಾರವನ್ನು. ಎರಡನೆಯದಕ್ಕೆ ಉತ್ತರ ಬರುತ್ತದೆ. ಸಾಹಿತಿಗಳ ಲೇಖನಗಳಲ್ಲಿ ‘ಕನ್ನಡದ ಮೇರು ಕವಿ, ನಾಡಿನ ಹೆಮ್ಮೆಯ ಪುತ್ರ ಡಾ.’ ಎಂದು ಶುರುವಾಗುವ ಸಾಲು ಸಿಗದ ದಿನವಿಲ್ಲ. ಇದಕ್ಕೆ ‘ಹೊಗಳಿಕೆ ಬೇಡ’ ಎಂದು ಬರೆದರೆ ಬರೆದವರಿಗೆ ತಮ್ಮ ಅಭಿಮಾನವನ್ನೇ ತೆಗಳಿದ ಹಾಗೆ ಕಾಣುತ್ತದೆ. ಹೇಳಬೇಕಾದದ್ದು ಇಷ್ಟೇ: ‘ಮೇರು ಕವಿ ಎಂದು ನಾವು ಹೇಳುವ ಬದಲು, ಯಾವ ಕೃತಿಗೆ ಯಾವ ವರ್ಷ ಯಾವ ಪ್ರಶಸ್ತಿ ಬಂತು ಎಂದು ಬರೆದರೆ ಓದುಗರೇ ಹಾಗೆಂದುಕೊಳ್ಳುತ್ತಾರೆ.’ ಅಭಿಮಾನವನ್ನು ಒಪ್ಪಿಕೊಂಡು ಅದಕ್ಕೆ ಕೆಲಸ ಕೊಡಬೇಕು. ‘ಅವರು’ ಎಂಬ ಗೌರವ ಬಹುವಚನವನ್ನು ಮಾತ್ರ ತೆಗೆಯಲು ಹೋಗಬಾರದು. ಅದು ಹೊಗಳಿಕೆಯಲ್ಲ, ಕನ್ನಡದ ವ್ಯಾಕರಣ. ಅದನ್ನು ‘ಅವನು’ ಎಂದು ತಿದ್ದಿ ಜಗಳ ಹಚ್ಚಿಸಿಕೊಂಡ ಪ್ರಸಂಗಗಳಿವೆ.

ಸಾರಾಂಶ ಪೆಟ್ಟಿಗೆಯ ಬಗ್ಗೆ ಒಂದು ಮಾತು. 2018ಕ್ಕೆ ಮೊದಲು ಅದರ ಮಿತಿ 255 ಬೈಟ್ ಇತ್ತು. ಯುನಿಕೋಡಿನಲ್ಲಿ ಕನ್ನಡದ ಒಂದೊಂದು ಅಕ್ಷರಸಂಕೇತಕ್ಕೆ ಮೂರು ಬೈಟ್ ಬೇಕು. ಅಂದರೆ 85 ಸಂಕೇತಗಳು, ಒತ್ತಕ್ಷರ ಗುಣಿತಗಳನ್ನು ಕಳೆದರೆ ಹತ್ತು ಪದವೂ ಹಿಡಿಯದು. ‘ಕ್ಷ’ ಒಂದೇ ಮೂರು ಸಂಕೇತ ತಿನ್ನುತ್ತದೆ. ಹಳಬರಿಗೆ ಒಂದೇ ಪದದ ಸಾರಾಂಶ ರೂಢಿಯಾದದ್ದಕ್ಕೆ ಇದೂ ಒಂದು ಕಾರಣವಿರಬೇಕು. ಈಗ ಮಿತಿ 500 ಸಂಕೇತ, ಎರಡು ಪೂರ್ಣ ವಾಕ್ಯ ಧಾರಾಳವಾಗಿ ಕೂರುತ್ತವೆ. ‘ಉಲ್ಲೇಖವಿಲ್ಲ’ ಅನ್ನುವ ಬದಲು ‘ಕಾಲದ ಬಗ್ಗೆ ಮುದ್ರಿತ ಆಧಾರ ಬೇಕು, ಚರ್ಚೆಪುಟದಲ್ಲಿ ಬರೆದಿದ್ದೇನೆ ನೋಡಿ’ ಎನ್ನಲು ಜಾಗವಿದೆ. ಸಾರಾಂಶವನ್ನು ಉಳಿಸಿದ ಮೇಲೆ ತಿದ್ದಲು ಬರುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ ಸಿಟ್ಟಿನಲ್ಲಿ ಬರೆಯುವ ಮೊದಲು ಕೈ ತಾನಾಗಿ ನಿಲ್ಲುತ್ತದೆ. ಇತಿಹಾಸ ಪುಟದಲ್ಲಿ ಅದು ನಿಮ್ಮ ಹೆಸರಿನ ಮುಂದೆ ಶಾಶ್ವತ.

ಯಂತ್ರ ಕೊಡುವ ಪ್ರತಿಕ್ರಿಯೆ

ಮನುಷ್ಯರು ಬಾಯಿ ತೆರೆಯುವ ಮೊದಲೇ ತಂತ್ರಾಂಶ ಹೊಸಬರಿಗೆ ಬೇಕಾದಷ್ಟು ಹೇಳಿಬಿಟ್ಟಿರುತ್ತದೆ. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಮೂವತ್ತು ವಿದ್ಯಾರ್ಥಿಗಳನ್ನು ಕೂರಿಸಿ ಕಾರ್ಯಾಗಾರ ಮಾಡಿದವರಿಗೆ ಈ ದೃಶ್ಯ ಗೊತ್ತು. ಮೊದಲ ಆರು ಮಂದಿಗೆ ಖಾತೆ ಆಗುತ್ತದೆ. ಏಳನೆಯವರಿಗೆ ತಡೆ, ಯಾಕೆಂದರೆ ಒಂದು ಐಪಿ ವಿಳಾಸದಿಂದ ಒಂದು ದಿನಕ್ಕೆ ಆರೇ ಖಾತೆ ಎಂಬ ಮಿತಿ ಇದೆ, ಇಡೀ ಲ್ಯಾಬ್ ಹೊರಗಿನ ಲೋಕಕ್ಕೆ ಒಂದೇ ಐಪಿ. ಉಳಿದ ಇಪ್ಪತ್ತನಾಲ್ಕು ಮಂದಿ ಬಂದ ಅರ್ಧ ಗಂಟೆಯಲ್ಲೇ ‘ನಮ್ಮಿಂದ ಏನೋ ತಪ್ಪಾಗಿದೆ’ ಎಂದುಕೊಂಡು ಕೂರುತ್ತಾರೆ. ಕಾರ್ಯಾಗಾರಕ್ಕೆ ಮುಂಚೆಯೇ ಐಪಿ ವಿಳಾಸ ಮತ್ತು ದಿನಾಂಕ ಕೊಟ್ಟು ಮಿತಿ ಸಡಿಲಿಸಲು ಕೇಳಿಕೊಳ್ಳಬಹುದು, ಇಲ್ಲವೇ ಹಿಂದಿನ ದಿನ ಮನೆಯಲ್ಲೇ, ಮೊಬೈಲ್ ಡೇಟಾದಲ್ಲಿ, ಖಾತೆ ಮಾಡಿಕೊಂಡು ಬನ್ನಿ ಎನ್ನಬಹುದು.

ಇದಕ್ಕಿಂತ ನೋವಿನದು ಇನ್ನೊಂದಿದೆ. ಹೊಸ ಖಾತೆಯವರು ಲೇಖನಕ್ಕೆ ಹೊರಗಿನ ಕೊಂಡಿ ಸೇರಿಸಿದರೆ ಕ್ಯಾಪ್ಚಾ ಬರುತ್ತದೆ. ತಿರುಚಿದ ಇಂಗ್ಲಿಷ್ ಅಕ್ಷರಗಳನ್ನು ಓದಿ ಟೈಪ್ ಮಾಡಬೇಕು. ಕನ್ನಡ ಕೀಲಿಮಣೆ ಆನ್ ಆಗಿದ್ದರೆ ಅಲ್ಲಿ ಕನ್ನಡ ಬೀಳುತ್ತದೆ, ಉತ್ತರ ತಪ್ಪಾಗುತ್ತದೆ. ಉಲ್ಲೇಖ ಹಾಕದವರು ಸಲೀಸಾಗಿ ಉಳಿಸುತ್ತಾರೆ, ಉಲ್ಲೇಖ ಹಾಕಿದ ಶ್ರದ್ಧಾವಂತರಿಗೆ ಅಡ್ಡಿ. ಎರಡು ಸಲ ಸೋತವರು ಕೊಂಡಿ ತೆಗೆದು ಉಳಿಸುತ್ತಾರೆ. ಆಮೇಲೆ ಯಾರೋ ಬಂದು ‘ಉಲ್ಲೇಖವಿಲ್ಲ’ ಎನ್ನುತ್ತಾರೆ. ಹಾಗಾಗಿ ಉಲ್ಲೇಖ ಕೇಳುವಾಗ ‘ಹಾಕಲು ಹೋಗಿ ತೊಂದರೆಯಾಯಿತೇ?’ ಎಂಬ ಒಂದು ಪ್ರಶ್ನೆ ಸೇರಿಸುವುದು ಬರಿಯ ಸೌಜನ್ಯವಲ್ಲ, ನಿಜವಾದ ಕಾರಣ ಹಿಡಿಯುವ ದಾರಿ.

ಶೀರ್ಷಿಕೆಗಳದ್ದು ಕನ್ನಡದಂಥ ಲಿಪಿಗಳಿಗೆ ವಿಶೇಷವಾದ ತೊಡಕು. ‘ಸಾಫ್ಟ್‌ವೇರ್’ ಎಂದು ಸರಿಯಾಗಿ ಮೂಡಬೇಕಾದರೆ ಟ ಮತ್ತು ವ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು, ಇಲ್ಲದಿದ್ದರೆ ವ ಒತ್ತಾಗುತ್ತದೆ. ಆ ಸಂಕೇತ ಇದ್ದ ಶೀರ್ಷಿಕೆ ಬೇರೆ, ಇಲ್ಲದ ಶೀರ್ಷಿಕೆ ಬೇರೆ ಎಂದು ತಂತ್ರಾಂಶ ಎಣಿಸುತ್ತದೆ. ಹೊಸಬರು ಹುಡುಕಿ, ಸಿಗದೆ, ಹೊಸ ಲೇಖನ ಬರೆಯುತ್ತಾರೆ. ಹಳಬರು ‘ಈ ಲೇಖನ ಈಗಾಗಲೇ ಇದೆ, ನೋಡಿ ಬರೆಯಿರಿ’ ಎನ್ನುತ್ತಾರೆ. ನೋಡಿಯೇ ಬರೆದವರಿಗೆ ಇದು ಅನ್ಯಾಯ. ಇಲ್ಲಿ ಸರಿಯಾದ ಕ್ರಮವೆಂದರೆ ಎರಡೂ ಲೇಖನಗಳನ್ನು ಕೂಡಿಸಿ, ಒಂದರಿಂದ ಇನ್ನೊಂದಕ್ಕೆ ಪುನರ್ನಿರ್ದೇಶನ ಹಾಕಿ, ‘ಕಾಣದ ಒಂದು ಅಕ್ಷರದಿಂದಾಗಿ ನಿಮಗೆ ಹಳೆಯ ಪುಟ ಸಿಕ್ಕಿರಲಿಲ್ಲ, ನಿಮ್ಮ ತಪ್ಪಲ್ಲ, ನೀವು ಬರೆದ ಇಂಥಿಂಥ ಭಾಗವನ್ನು ಅಲ್ಲಿಗೆ ಸೇರಿಸಿದ್ದೇನೆ’ ಎಂದು ತಿಳಿಸುವುದು.

ಅನುವಾದ, ನಕಲು, ಮೂವತ್ತು ಖಾತೆಗಳು

ಅನುವಾದದ ಲೇಖನಗಳಿಗೆ ಬೀಳುವ ಪ್ರತಿಕ್ರಿಯೆ ಸಾಮಾನ್ಯವಾಗಿ ಒಂದೇ ಸಾಲಿನದು: ‘ಯಂತ್ರಾನುವಾದ ಹಾಕಬೇಡಿ.’ ವಿಕಿಪೀಡಿಯದಲ್ಲಿ ಲೇಖನಗಳನ್ನು ಅನುವಾದಿಸುವ ಕಾಂಟೆಂಟ್ ಟ್ರಾನ್ಸ್‌ಲೇಶನ್ ಸಲಕರಣೆ 2015ರಿಂದ ಇದೆ, ಯಂತ್ರ ಕೊಟ್ಟದ್ದನ್ನು ತಿದ್ದದೆ ಬಿಟ್ಟರೆ ಅದೇ ಎಚ್ಚರಿಸುತ್ತದೆ. ಆದರೆ ಎಷ್ಟು ತಿದ್ದಿದ್ದೀರಿ ಎಂದು ಅದು ಅಳೆಯಬಲ್ಲದೇ ಹೊರತು, ತಿದ್ದಿದ್ದು ಕನ್ನಡವಾಯಿತೇ ಎಂದು ಹೇಳಲಾರದು. ಉಪಯೋಗಕ್ಕೆ ಬರುವ ಪ್ರತಿಕ್ರಿಯೆ ಎಂದರೆ ಅವರದೇ ಲೇಖನದಿಂದ ಮೂರು ವಾಕ್ಯ ಆರಿಸಿ, ಪಕ್ಕಕ್ಕೆ ತಿದ್ದಿದ ರೂಪ ಇಟ್ಟು ತೋರಿಸುವುದು. ‘ಈ ಪ್ರದೇಶದಲ್ಲಿ ಟ್ಯಾಂಕ್ ನೀರಾವರಿಯು ಪ್ರಮುಖ ಪಾತ್ರವನ್ನು ವಹಿಸುತ್ತದೆ’ ಎಂದಿದ್ದರೆ ‘ಈ ಭಾಗದ ಬೇಸಾಯ ಹೆಚ್ಚಾಗಿ ಕೆರೆ ನೀರನ್ನೇ ನಂಬಿದೆ’ ಎಂದು ಬರೆದು ತೋರಿಸಿ. ‘ಸೇತುವೆಯು 1932ರಲ್ಲಿ ನಿರ್ಮಿಸಲ್ಪಟ್ಟಿತು’ ಎಂಬುದಕ್ಕೆ ‘ಸೇತುವೆ ಕಟ್ಟಿದ್ದು 1932ರಲ್ಲಿ’ ಸಾಕು. ಮೂರು ವಾಕ್ಯ ನೋಡಿದವರು ನಾಲ್ಕನೆಯದನ್ನು ತಾವೇ ತಿದ್ದುತ್ತಾರೆ. ಇಡೀ ಲೇಖನವನ್ನು ನೀವೇ ತಿದ್ದಿಬಿಟ್ಟರೆ ಲೇಖನವೇನೋ ಚೆನ್ನಾಗುತ್ತದೆ, ಮುಂದಿನ ಲೇಖನದಲ್ಲಿ ಅದೇ ‘ಲ್ಪಟ್ಟಿತು’ ಮತ್ತೆ ಬರುತ್ತದೆ.

ಪ್ರತಿಕ್ರಿಯೆ ಕೇಳಿಸಿಕೊಳ್ಳುವ ಕಿವಿಯೇ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಭಾರತೀಯ ಭಾಷೆಗಳ ವಿಕಿಪೀಡಿಯಗಳಲ್ಲಿ ದೊಡ್ಡ ಉದಾಹರಣೆಯಿದೆ. 2009ರಿಂದ 2011ರವರೆಗೆ ಗೂಗಲ್ ತನ್ನ ಅನುವಾದ ಸಲಕರಣೆಯ ಮೂಲಕ ಸಂಬಳದ ಅನುವಾದಕರಿಂದ ಇಂಗ್ಲಿಷ್ ಲೇಖನಗಳನ್ನು ಕನ್ನಡ, ತಮಿಳು, ತೆಲುಗು, ಬಂಗಾಳಿ ಮುಂತಾದ ಭಾಷೆಗಳಿಗೆ ಹಾಕಿಸಿತು. ಉದ್ದುದ್ದ ಲೇಖನಗಳು, ಇನ್ನೂ ಇಲ್ಲದ ಪುಟಗಳಿಗೆ ತುಂಬ ಕೆಂಪು ಕೊಂಡಿಗಳು, ಇಂಗ್ಲಿಷಿನ ನಡೆ. ಹಾಕಿದವರು ಮತ್ತೆ ಪುಟಕ್ಕೆ ಬರುತ್ತಿರಲಿಲ್ಲ, ಚರ್ಚೆಪುಟದಲ್ಲಿ ಏನು ಬರೆದರೂ ಉತ್ತರಿಸುವವರಿರಲಿಲ್ಲ. ಬಂಗಾಳಿ ಸಮುದಾಯ ಅವನ್ನು ಒಪ್ಪಲಿಲ್ಲ. ತಮಿಳರು ಆ ಸಂಸ್ಥೆಯವರೊಂದಿಗೆ ನೇರವಾಗಿ ಮಾತಿಗೆ ಕೂತು, ಹೀಗೆ ಹೀಗೆ ಮಾಡಿದರೆ ಮಾತ್ರ ಎಂದು ಷರತ್ತು ಹಾಕಿದರು. ತಮಿಳರ ದಾರಿಯಲ್ಲಿ ಕಲಿಯುವುದಿದೆ: ಅನುವಾದಕರು ಪುಟಕ್ಕೆ ಬಾರದಿದ್ದಾಗ ಅವರಿಗೆ ಕೆಲಸ ಕೊಟ್ಟವರನ್ನು ಹುಡುಕಿಕೊಂಡು ಹೋದರು.

ಕಾಲೇಜುಗಳ ವಿಷಯದಲ್ಲೂ ಅದೇ. ಬೆಂಗಳೂರು, ಮಂಗಳೂರು, ಉಜಿರೆ, ಮೂಡುಬಿದಿರೆಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಕನ್ನಡ ವಿಕಿಪೀಡಿಯಕ್ಕೆ ಬರೆದಿದ್ದಾರೆ, ಅದರಿಂದ ಬಂದ ಒಳ್ಳೆಯ ಲೇಖನಗಳೂ ಇವೆ. ಆದರೆ ಒಂದೇ ವಾರದಲ್ಲಿ ಮೂವತ್ತು ಖಾತೆಗಳಿಂದ ಒಂದೇ ಬಗೆಯ ತಪ್ಪು ಬಂದರೆ ಮೂವತ್ತು ಚರ್ಚೆಪುಟಗಳಿಗೆ ಮೂವತ್ತು ಸಂದೇಶ ಅಂಟಿಸುವುದರಿಂದ ಫಲವಿಲ್ಲ. ಅಂಕ ಕೊಡುವವರು ಬೈಟ್ ಲೆಕ್ಕ ನೋಡಿ ಅಂಕ ಕೊಡುತ್ತಿದ್ದರೆ ವಿದ್ಯಾರ್ಥಿಗಳು ಬೈಟ್ ತುಂಬುತ್ತಾರೆ, ಅದು ಅವರ ತಪ್ಪಲ್ಲ. ಮಾತಾಡಬೇಕಾದ್ದು ಮೇಷ್ಟರ ಹತ್ತಿರ: ಬೈಟ್ ಬದಲು ಉಲ್ಲೇಖಗಳನ್ನು ಎಣಿಸಿ, ಹೊಸ ಲೇಖನದ ಬದಲು ಇರುವ ಚುಟುಕನ್ನು ಬೆಳೆಸಲು ಹೇಳಿ, ಮೊದಲು ಪ್ರಯೋಗಪುಟದಲ್ಲಿ ಬರೆಸಿ, ಕೊನೆಯ ದಿನಾಂಕಕ್ಕೆ ಎರಡು ವಾರ ಮುಂಚೆ ಒಮ್ಮೆ ತೋರಿಸಲು ಹೇಳಿ.

ಪತ್ರಿಕೆಯಿಂದಲೋ ಜಾಲತಾಣದಿಂದಲೋ ನಕಲು ಮಾಡಿದ್ದರೆ ಮೊದಲು ತೆಗೆಯಬೇಕು, ಆಮೇಲೆ ಮಾತು. ಇಲ್ಲಿ ಕಾಯುವಂತಿಲ್ಲ. ಆದರೆ ತಿಳಿಸುವಾಗ ಯಾವ ಪ್ಯಾರಾ, ಯಾವ ಮೂಲದಿಂದ ಎಂದು ಕೊಂಡಿ ಸಮೇತ ತೋರಿಸಿ. ಸಂಗತಿಗಳಿಗೆ ಹಕ್ಕುಸ್ವಾಮ್ಯವಿಲ್ಲ, ವಾಕ್ಯಗಳಿಗಿದೆ ಎಂಬ ಒಂದು ಮಾತು ಹೇಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಹಾಗೆಯೇ ನಕಲು ಎಂದು ಆರೋಪಿಸುವ ಮುಂಚೆ ಮೂಲ ಯಾವುದೆಂದು ಒಮ್ಮೆ ನೋಡಿಕೊಳ್ಳಬೇಕು. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತಗೊಳಿಸಿತು. ಅಲ್ಲಿಂದ ಸರಿಯಾದ ಮನ್ನಣೆ ಕೊಟ್ಟು ತೆಗೆದುಕೊಂಡ ಪಠ್ಯ ಕಳ್ಳತನವಲ್ಲ. ಮನ್ನಣೆ ಮರೆತಿದ್ದರೆ ಅದನ್ನು ಸೇರಿಸಲು ಹೇಳಿದರಾಯಿತು.

ಹಳಬರಿಗೆ ಹೇಳುವುದು

ಸಾವಿರಾರು ಸಂಪಾದನೆ ಮಾಡಿದವರಿಗೆ ಹೊಸಬರ ಟೆಂಪ್ಲೇಟು ಅಂಟಿಸಿದರೆ ಅದು ಅವಮಾನ. ಅವರಿಗೆ ಬೇಕಾದ್ದು ಆ ನಿರ್ದಿಷ್ಟ ಸಂಪಾದನೆಯ ವ್ಯತ್ಯಾಸ ತೋರಿಸುವ ಕೊಂಡಿ: ‘ಈ ಸಂಪಾದನೆಯಲ್ಲಿ ಹೀಗಾಗಿದೆ, ನೋಡುವಿರಾ?’ ಅರಳಿಕಟ್ಟೆಗೆ (ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಕೂಡಿ ಚರ್ಚಿಸುವ ಪುಟ) ಒಯ್ಯುವ ಮೊದಲು ಅವರ ಚರ್ಚೆಪುಟ. ಅರಳಿಕಟ್ಟೆ ನೀತಿ ತೀರ್ಮಾನಿಸುವ ಜಾಗ, ಒಬ್ಬರ ನಡತೆಯನ್ನು ಊರೆಲ್ಲ ಕೂಡಿ ವಿಚಾರಿಸುವ ಜಾಗವಲ್ಲ. ಒಬ್ಬರ ಮೂರು ಲೇಖನಗಳಲ್ಲಿ ಒಂದೇ ತಪ್ಪು ಕಂಡರೆ ಮೂರು ಕಡೆ ಬರೆಯದೆ ಒಂದೇ ಕಡೆ ಬರೆಯಬೇಕು. ಇಲ್ಲದಿದ್ದರೆ ಬೆನ್ನು ಹತ್ತಿದ್ದಾರೆ ಎನಿಸುತ್ತದೆ, ನಿಜಕ್ಕೂ ಬೆನ್ನು ಹತ್ತುವುದು ಎಂದರೂ ಅದೇ.

ಹಳಬರಿಗೆ ಯಾರೂ ಹೇಳದೇ ಉಳಿಯುವುದು ಮೆಚ್ಚುಗೆ. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅತಿ ಹೆಚ್ಚು ದುಡಿಯುವ ಶೇಕಡಾ 1ರಷ್ಟು ಮಂದಿಯಿಂದ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ ಬಾರ್ನ್‌ಸ್ಟಾರ್ ಪದಕ (ಸದಸ್ಯರು ಒಬ್ಬರಿಗೊಬ್ಬರು ಕೊಡುವ ಮೆಚ್ಚುಗೆಯ ಚಿತ್ರ) ಕೊಟ್ಟು ನೋಡಿದರು. ಪದಕ ಪಡೆದವರ ಕೆಲಸ, ಪಡೆಯದವರ ಜೊತೆ ಹೋಲಿಸಿದರೆ ಸುಮಾರು ಶೇಕಡಾ 60ರಷ್ಟು ಹೆಚ್ಚಿತು. ಇತಿಹಾಸ ಪುಟದಲ್ಲಿ ಪ್ರತಿ ಸಂಪಾದನೆಯ ಪಕ್ಕದಲ್ಲಿರುವ ಧನ್ಯವಾದದ ಕೊಂಡಿ 2013ರಿಂದ ಇದೆ, ಒತ್ತಲು ಎರಡು ಕ್ಷಣ ಸಾಕು. ಯಾರು ಯಾರಿಗೆ ಕೊಟ್ಟರೆಂಬ ದಾಖಲೆ ಬಹಿರಂಗವಾಗಿರುತ್ತದೆ, ಯಾವ ಸಂಪಾದನೆಗೆಂಬುದು ಪಡೆದವರಿಗೆ ಮಾತ್ರ ಗೊತ್ತಾಗುತ್ತದೆ. ಇಪ್ಪತ್ತು ಅಕ್ಷರದೋಷ ತಿದ್ದಿದವರಿಗೆ, ವರ್ಗ ಸೇರಿಸಿ ಹೋದವರಿಗೆ, ಯಾರ ಕಣ್ಣಿಗೂ ಬೀಳದ ಆ ಕೆಲಸಕ್ಕೆ ಇದನ್ನು ಒತ್ತಬೇಕು. ದೊಡ್ಡ ಲೇಖನ ಬರೆದವರಿಗೆ ಹೇಗೂ ಯಾರಾದರೂ ಹೇಳುತ್ತಾರೆ.

ಬರಿಯ ಓದುಗರಿಂದ ಪ್ರತಿಕ್ರಿಯೆ ಸಂಗ್ರಹಿಸುವ ಪ್ರಯತ್ನವೂ ನಡೆದಿತ್ತು. 2010ರಲ್ಲಿ ಇಂಗ್ಲಿಷ್ ಲೇಖನಗಳ ಕೆಳಗೆ ನಕ್ಷತ್ರ ಕೊಡುವ, ಆಮೇಲೆ ಟಿಪ್ಪಣಿ ಬರೆಯುವ ಪೆಟ್ಟಿಗೆ ಇಟ್ಟರು. ಬಂದ ಟಿಪ್ಪಣಿಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬಾರದವು, ಅವನ್ನು ಸೋಸುವುದೇ ಸ್ವಯಂಸೇವಕರಿಗೆ ಹೊರೆಯಾಯಿತು. 2014ರ ಹೊತ್ತಿಗೆ ಕೈಬಿಟ್ಟರು. ‘ಲೇಖನ ಚೆನ್ನಾಗಿಲ್ಲ’ ಎಂಬ ಮಾತಿನಿಂದ ಯಾರೂ ಏನೂ ಮಾಡಲಾಗದು. ‘ಎರಡನೆಯ ಪ್ಯಾರಾದಲ್ಲಿ ಜನನ ವರ್ಷ ಒಂದು, ಪಕ್ಕದ ಪೆಟ್ಟಿಗೆಯಲ್ಲಿ ಇನ್ನೊಂದು ಇದೆ, ಇಂಥ ಪುಸ್ತಕದ ಇಂಥ ಪುಟದಲ್ಲಿ ಹೀಗಿದೆ’ ಎಂದು ಚರ್ಚೆಪುಟದಲ್ಲಿ ಬರೆದರೆ ಎರಡು ನಿಮಿಷದಲ್ಲಿ ಸರಿಯಾಗುತ್ತದೆ. ವಿಕಿಪೀಡಿಯದಲ್ಲಿ ಬರೀ ತಪ್ಪು ಎಂದು ಬೇಸರಪಡುವ ಕನ್ನಡದ ಅಧ್ಯಾಪಕರು, ಪತ್ರಕರ್ತರು ಇದನ್ನೊಮ್ಮೆ ಮಾಡಿ ನೋಡಬೇಕು. ಖಾತೆ ಬೇಕೆಂದೂ ಇಲ್ಲ.

ಉತ್ತರ ಎಲ್ಲಿ ಬರುತ್ತದೆ

ಪತ್ರ ಬರೆದ ಮೇಲೆ ಅರ್ಧ ಕೆಲಸ ಬಾಕಿ ಇರುತ್ತದೆ. ಹೊಸಬರು ಉತ್ತರಿಸುತ್ತಾರೆ, ಆದರೆ ನೀವು ಕಾಯುವ ಜಾಗದಲ್ಲಲ್ಲ. ತಮ್ಮದೇ ಚರ್ಚೆಪುಟದಲ್ಲಿ, ನಿಮ್ಮ ಹೆಸರಿನ ಕೊಂಡಿ ಇಲ್ಲದೆ, ಸಹಿ ಇಲ್ಲದೆ ಬರೆಯುತ್ತಾರೆ. ನಿಮಗೆ ಸೂಚನೆ ಬರುವುದಿಲ್ಲ. ‘ಕೇಳಿದೆ, ಉತ್ತರವೇ ಕೊಡಲಿಲ್ಲ’ ಎಂದು ನೀವು, ‘ಉತ್ತರ ಕೊಟ್ಟೆ, ತಿರುಗಿಯೂ ನೋಡಲಿಲ್ಲ’ ಎಂದು ಅವರು. ಇದನ್ನು ತಪ್ಪಿಸಲು ಅವರ ಚರ್ಚೆಪುಟವನ್ನು ವೀಕ್ಷಣಾಪಟ್ಟಿಗೆ ಸೇರಿಸುವಾಗ ಅವಧಿ ಆರಿಸಬಹುದು, ಒಂದು ತಿಂಗಳು ಎಂದು ಕೊಟ್ಟರೆ ಸಾಕು, ಆಮೇಲೆ ಅದು ತಾನಾಗಿ ಪಟ್ಟಿಯಿಂದ ಇಳಿಯುತ್ತದೆ.

ಕೆಲವು ಸಲ ಉತ್ತರ ಲೇಖನದ ಒಳಗೇ ಬರುತ್ತದೆ. ಕೆರೆಯ ವಿಸ್ತೀರ್ಣದ ಸಾಲಿನ ಕೆಳಗೆ, ದಪ್ಪ ಅಕ್ಷರದಲ್ಲಿ, ‘ಸರ್ ಕಲ್ಲಿನ ಫೋಟೊ ತೆಗೆದಿದ್ದೇನೆ, ಹೇಗೆ ಹಾಕುವುದು ತಿಳಿಸಿ’ ಎಂದು. ಗಸ್ತಿನಲ್ಲಿರುವವರಿಗೆ ಇದು ಕಿಡಿಗೇಡಿತನದಂತೆ ಕಾಣುತ್ತದೆ, ಒಂದೇ ಗುಂಡಿಯಲ್ಲಿ ಹಿಂದಿನ ಸ್ಥಿತಿಗೆ ತರುತ್ತಾರೆ, ಮಾತು ಹಳೆಯ ಆವೃತ್ತಿಯೊಳಗೆ ಹೂತುಹೋಗುತ್ತದೆ. ಆ ಸಾಲನ್ನು ಅಲ್ಲಿಂದ ಎತ್ತಿ ಚರ್ಚೆಪುಟಕ್ಕೆ ಸರಿಸಿ, ಬರೆದವರ ಹೆಸರು ದಿನಾಂಕ ಸೇರಿಸಿ, ಅದರ ಕೆಳಗೆ ಕಾಮನ್ಸ್‌ನ ಅಪ್‌ಲೋಡ್ ಪುಟದ ಕೊಂಡಿಯೊಂದಿಗೆ ಉತ್ತರ ಬರೆಯಿರಿ. ಫೋಟೊದಲ್ಲಿ ಅಕ್ಷರ ಸ್ಪಷ್ಟವಾಗಿ ಬರಬೇಕಾದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆಯಬೇಕು ಎನ್ನುವುದನ್ನೂ ಸೇರಿಸಿ.